ಹಿತ್ತಿಲ ಹವಾಮಾನ ಕೇಂದ್ರದ ಲೆಕ್ಕ ಆ್ಯಪ್‌ಗೆ ತಾಳೆಯಾಗ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಆರು ತಿಂಗಳ ಹಿಂದೆ ಮನೆ ಹಿತ್ತಿಲಲ್ಲಿ ಒಂದು ಪುಟ್ಟ ಹವಾಮಾನ ಕೇಂದ್ರ ಹಾಕಿಕೊಂಡೆ. ದಿನಾ ಸಂಜೆ ಐದಕ್ಕೆ ಗರಿಷ್ಠ, ಕನಿಷ್ಠ ಉಷ್ಣಾಂಶ, ಮಳೆ, ವಾಯುಭಾರ, ತೇವಾಂಶ, ಗಾಳಿ ಎಲ್ಲ ಬರೆದುಕೊಂಡು ರೀಸೆಟ್ ಮಾಡುತ್ತೇನೆ. ಉಷ್ಣಾಂಶದ ಸೆನ್ಸರ್ ಹಿಂಬದಿ ಗೋಡೆಗೆ ಹೊಡೆದಿದ್ದೇನೆ. ಮಳೆಮಾಪಕ ತಾರಸಿಯ ಅಂಚಿನ ಕಟ್ಟೆ ಮೇಲಿದೆ. ಫೋನಿನ ಆ್ಯಪ್‌ಗೆ ಹೋಲಿಸಿದರೆ ಮಧ್ಯಾಹ್ನ ನನ್ನದು ಮೂರು ಡಿಗ್ರಿ ಜಾಸ್ತಿ ತೋರಿಸುತ್ತದೆ, ಮಳೆ ಮಾತ್ರ ಯಾವಾಗಲೂ ಕಡಿಮೆ. ವಾಯುಭಾರ ದಿನಾ ಮಧ್ಯಾಹ್ನ ಇಳಿಯುತ್ತದೆ, ಮಳೆ ಬರಬೇಕಿತ್ತಲ್ವಾ ಅಂದರೆ ಬರುವುದಿಲ್ಲ. ಉಪಕರಣ ಕೆಟ್ಟಿದೆಯಾ? ಮತ್ತೆ, ನಾನು ಹೀಗೆ ಬರೆದಿಡುವುದರಿಂದ ಯಾರಿಗಾದರೂ ಉಪಯೋಗ ಇದೆಯಾ?

ಉತ್ತರ: ಉಪಕರಣ ಕೆಟ್ಟಿದೆ ಅಂತ ನನಗೆ ಅನ್ನಿಸುತ್ತಿಲ್ಲ. ನೀವು ಹೇಳಿದ ಮೂರರಲ್ಲಿ ಉಷ್ಣಾಂಶದ್ದು ಜಾಗದ ತೊಂದರೆ. ಮಳೆಯದ್ದು ಅರ್ಧ ಜಾಗದ ತೊಂದರೆ, ಇನ್ನರ್ಧ ನಿಜವಾದ ವ್ಯತ್ಯಾಸ ಇರಬಹುದು. ವಾಯುಭಾರದ್ದು ತೊಂದರೆಯೇ ಅಲ್ಲ, ನಿಮ್ಮ ಸೆನ್ಸರ್ ಬಹಳ ಚೆನ್ನಾಗಿ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಅದೇ ಸಾಕ್ಷಿ. ಇವೆಲ್ಲಕ್ಕಿಂತ ನನಗೆ ಜಾಸ್ತಿ ಚಿಂತೆ ಆಗಿದ್ದು ನೀವು ದೂರೇ ಹೇಳದ ಒಂದು ಸಂಗತಿಯ ಬಗ್ಗೆ, ಸಂಜೆ ಐದಕ್ಕೆ ರೀಸೆಟ್ ಮಾಡುವುದರ ಬಗ್ಗೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು, ನೀವು ಹೋಲಿಸುತ್ತಿರುವುದು ಯಾವುದಕ್ಕೆ ಅಂತ ನೋಡೋಣ. ಫೋನಿನಲ್ಲಿ ‘ಈಗಿನ ಉಷ್ಣಾಂಶ’ ಅಂತ ಕಾಣುವ ಅಂಕಿ ಎಷ್ಟೋ ಸಲ ಯಾರೂ ಎಲ್ಲೂ ಅಳೆದದ್ದಾಗಿರುವುದಿಲ್ಲ. ಅದು ಕಂಪ್ಯೂಟರ್ ಮಾದರಿ ಹಾಕಿದ ಲೆಕ್ಕ. ಮಾದರಿಗಳು ಭೂಮಿಯನ್ನು ಚೌಕ ಚೌಕವಾಗಿ ಹಂಚಿಕೊಂಡು ಒಂದೊಂದು ಚೌಕಕ್ಕೆ ಒಂದೊಂದು ಅಂಕಿ ಕೊಡುತ್ತವೆ. ಯುರೋಪಿನ ಇಸಿಎಂಡಬ್ಲ್ಯುಎಫ್ ಸಂಸ್ಥೆಯ ಜಾಗತಿಕ ಮಾದರಿ ಬಹಳ ಒಳ್ಳೆಯದು ಅಂತ ಹೆಸರು ಮಾಡಿದೆ, ಅದರಲ್ಲೂ ಒಂದು ಚೌಕ ಸುಮಾರು 9 ಕಿ.ಮೀ. ಅಷ್ಟು ಜಾಗದೊಳಗೆ ಗುಡ್ಡ, ಕೆರೆ, ರಸ್ತೆ, ನಿಮ್ಮ ಹಿತ್ತಿಲು ಎಲ್ಲಕ್ಕೂ ಸೇರಿ ಒಂದೇ ಲೆಕ್ಕ. ಹಾಗಾಗಿ ಆ್ಯಪ್ ಹೇಳಿದ್ದು ಸರಿ, ನನ್ನದು ತಪ್ಪು ಅಂತ ಹೊರಡಬೇಡಿ. ಹೋಲಿಸಲೇಬೇಕು ಅಂದರೆ ನಿಜವಾಗಿ ಅಳೆದ ಅಂಕಿಗೆ ಹೋಲಿಸಿ. ವಿಮಾನ ನಿಲ್ದಾಣಗಳಿಂದ ಅರ್ಧ ಗಂಟೆಗೋ ಗಂಟೆಗೋ ಒಮ್ಮೆ ಮೆಟಾರ್ ಅನ್ನುವ ವರದಿ ಹೊರಡುತ್ತದೆ, ಅದನ್ನು ಯಾರು ಬೇಕಾದರೂ ನೋಡಬಹುದು. ಅದರಲ್ಲಿ ಉಷ್ಣಾಂಶ ಪೂರ್ಣ ಡಿಗ್ರಿಯಲ್ಲಿ ಇರುತ್ತದೆ, ಅಂದರೆ ಅರ್ಧ ಡಿಗ್ರಿಯ ವ್ಯತ್ಯಾಸಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಈಗ ಆ ಮೂರು ಡಿಗ್ರಿ. ಹವಾಮಾನದ ಲೆಕ್ಕದಲ್ಲಿ ಉಷ್ಣಾಂಶ ಅಂದರೆ ಗಾಳಿಯ ಉಷ್ಣಾಂಶ. ಗೋಡೆಯದ್ದೂ ಅಲ್ಲ, ಬಿಸಿಲಿಗೆ ಕಾದ ಪ್ಲಾಸ್ಟಿಕ್‌ದೂ ಅಲ್ಲ. ನಿಮ್ಮ ಸೆನ್ಸರ್ ಗೋಡೆಗೆ ಅಂಟಿಕೊಂಡಿದೆ. ಗೋಡೆ ಬೆಳಿಗ್ಗೆಯಿಂದ ಬಿಸಿಲು ಕುಡಿದು ಮಧ್ಯಾಹ್ನದ ಹೊತ್ತಿಗೆ ಕಾದಿರುತ್ತದೆ, ರಾತ್ರಿ ಬಹಳ ಹೊತ್ತಿನ ತನಕ ಆ ಬಿಸಿಯನ್ನು ನಿಧಾನಕ್ಕೆ ಬಿಡುತ್ತಾ ಇರುತ್ತದೆ. ಹಾಗಾಗಿ ನಿಮ್ಮ ಗರಿಷ್ಠ ಮಾತ್ರ ಅಲ್ಲ, ಕನಿಷ್ಠವೂ ಸ್ವಲ್ಪ ಮೇಲೇ ಇರುತ್ತದೆ. ಪುಸ್ತಕ ತೆಗೆದು ನೋಡಿ, ಇದ್ದೇ ಇರುತ್ತದೆ.

ವಿಶ್ವ ಹವಾಮಾನ ಸಂಸ್ಥೆ ಹೇಳುವುದು ಹೀಗೆ: ಸೆನ್ಸರ್ ನೆಲದಿಂದ 1.25ರಿಂದ 2 ಮೀಟರ್ ಎತ್ತರದಲ್ಲಿರಬೇಕು, ಕೆಳಗೆ ಗಿಡ್ಡ ಹುಲ್ಲು ಅಥವಾ ಸಹಜವಾದ ನೆಲ ಇರಬೇಕು, ಬಿಸಿಲು ನೇರವಾಗಿ ತಾಗಬಾರದು, ಗಾಳಿ ಮಾತ್ರ ಸರಾಗವಾಗಿ ಆಡಬೇಕು. ಈ ಕೊನೆಯ ಎರಡನ್ನೂ ಒಟ್ಟಿಗೆ ಸಾಧಿಸುವುದೇ ಕಷ್ಟದ ಕೆಲಸ. ಬಿಸಿಲು ತಡೆಯೋಣ ಅಂತ ಸೆನ್ಸರನ್ನು ಡಬ್ಬಿಯೊಳಗೆ ಇಟ್ಟರೆ ಗಾಳಿ ನಿಂತುಹೋಗುತ್ತದೆ, ಆಗ ನೀವು ಅಳೆಯುವುದು ಡಬ್ಬಿಯೊಳಗಿನ ಬಿಸಿಯನ್ನು. 1860ರ ದಶಕದಲ್ಲಿ ಥಾಮಸ್ ಸ್ಟೀವನ್‌ಸನ್ ಅನ್ನುವ ಸ್ಕಾಟ್ಲೆಂಡಿನ ದೀಪಸ್ತಂಭ ಎಂಜಿನಿಯರ್ ಇದಕ್ಕೆ ಒಂದು ದಾರಿ ಹುಡುಕಿದ. ಬಿಳಿ ಬಣ್ಣದ ಮರದ ಪೆಟ್ಟಿಗೆ, ನಾಲ್ಕೂ ಕಡೆ ಎರಡೆರಡು ಪದರದ ಓರೆ ಪಟ್ಟಿಗಳು, ಕಾಲಿನ ಮೇಲೆ ನಿಲ್ಲಿಸಿದ್ದು. ಹವಾಮಾನ ಇಲಾಖೆಗಳ ಅಂಗಳದಲ್ಲಿ ಇವತ್ತಿಗೂ ಅದೇ ಪೆಟ್ಟಿಗೆ ಕಾಣುತ್ತದೆ. ಹಿತ್ತಿಲ ಕೇಂದ್ರಗಳ ಜೊತೆ ಬರುವ, ಒಂದರ ಮೇಲೊಂದು ಬಿಳಿ ತಟ್ಟೆ ಕವುಚಿದ ಹಾಗೆ ಕಾಣುವ ಕವಚ ಅದರದೇ ಚಿಕ್ಕ ರೂಪ. ನಿಮ್ಮದಕ್ಕೆ ಅಂಥದ್ದು ಇಲ್ಲದಿದ್ದರೆ ಬೇರೆ ಏನನ್ನೂ ಕೊಳ್ಳುವ ಮೊದಲು ಅದನ್ನು ಕೊಳ್ಳಿ. ಇದ್ದರೆ, ಅದನ್ನು ಗೋಡೆಯಿಂದ ಬಿಡಿಸಿ ಹಿತ್ತಿಲ ಮಧ್ಯೆ ಒಂದು ಕಂಬ ನೆಟ್ಟು ಕಟ್ಟಿ. ಕಾಂಕ್ರೀಟ್ ನೆಲ, ಎ.ಸಿ.ಯ ಹೊರಗಿನ ಪೆಟ್ಟಿಗೆ, ನಿಂತ ವಾಹನ, ನೀರಿನ ಟ್ಯಾಂಕು ಇವೆಲ್ಲದರಿಂದ ಎಷ್ಟಾಗುತ್ತದೋ ಅಷ್ಟು ದೂರ. ಜಾಗ ಇಕ್ಕಟ್ಟಾಗಿದ್ದರೆ ಬೇಜಾರಾಗಬೇಡಿ, ಇದ್ದುದರಲ್ಲಿ ಒಳ್ಳೆಯ ಜಾಗ ಯಾವುದೋ ಅದನ್ನು ಆರಿಸಿ.

ಸೆನ್ಸರೇ ತಪ್ಪು ಓದುತ್ತಿದೆಯೋ ಜಾಗದ ದೋಷವೋ ಅಂತ ಹೇಗೆ ಗೊತ್ತುಮಾಡುವುದು? ವ್ಯತ್ಯಾಸ ಯಾವ ಹೊತ್ತಿನಲ್ಲಿ ಬರುತ್ತದೆ ಅನ್ನುವುದನ್ನು ಗಮನಿಸಿ. ಬಿಸಿಲಿರುವಾಗ, ಅದರಲ್ಲೂ ಗಾಳಿ ಸತ್ತಂತೆ ನಿಂತಿರುವಾಗ ಮಾತ್ರ ಜಾಸ್ತಿ ಬಂದರೆ ಅದು ಬಿಸಿಲಿನ ಕಾಟ. ಸೂರ್ಯ ಮುಳುಗಿದ ಮೇಲೂ ಒಂದೆರಡು ಗಂಟೆ ಎಳೆದರೆ ಗೋಡೆಯ ಕಾಟ. ದಟ್ಟ ಮೋಡ ಮುಚ್ಚಿ ಚೆನ್ನಾಗಿ ಗಾಳಿ ಬೀಸುವ ದಿನ, ಹಗಲೂ ರಾತ್ರಿಯೂ, ಒಂದೇ ಸಮನೆ ಜಾಸ್ತಿ ತೋರಿಸುತ್ತಿದ್ದರೆ ಮಾತ್ರ ಸೆನ್ಸರನ್ನು ಅನುಮಾನಿಸಿ. ಅಂಥ ದಿನ ಬಂದಾಗ ಹತ್ತಿರದ ಅಧಿಕೃತ ಕೇಂದ್ರಕ್ಕೆ ಹೋಲಿಸಿ ನೋಡುವುದಕ್ಕೆ ಮರೆಯಬೇಡಿ, ಬೇರೆಲ್ಲ ಗಲಾಟೆ ಅಡಗಿರುವಾಗ ಸೆನ್ಸರಿನ ಗುಣ ಬಯಲಾಗುತ್ತದೆ. ಎರಡೂ ಕೇಂದ್ರಗಳ ಎತ್ತರ ಒಂದೇ ಆಸುಪಾಸಿನಲ್ಲಿ ಇರಬೇಕು ಅಷ್ಟೇ. ಎತ್ತರ ಏರಿದ ಹಾಗೆ ಗಾಳಿ ಸಹಜವಾಗಿಯೇ ತಣ್ಣಗಾಗುತ್ತದೆ, 100 ಮೀಟರಿಗೆ ಸುಮಾರು 0.6 ಡಿಗ್ರಿಯಂತೆ.

ಈಗ ಸಂಜೆ ಐದರ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಒಳ್ಳೆಯ ಉಪಕರಣ, ಒಳ್ಳೆಯ ಜಾಗ ಎರಡೂ ಇದ್ದರೂ ಈ ಒಂದು ಅಭ್ಯಾಸ ಇಡೀ ದಾಖಲೆಯನ್ನು ಓರೆ ಮಾಡಬಲ್ಲದು. ಸೋಮವಾರ ಭಾರಿ ಸೆಕೆ, ಮೂರು ಗಂಟೆಗೆ 38 ಡಿಗ್ರಿ ಅಂದುಕೊಳ್ಳಿ. ಐದು ಗಂಟೆಗೆ ನೀವು ಬಂದು 38 ಅಂತ ಬರೆದು ರೀಸೆಟ್ ಒತ್ತುತ್ತೀರಿ. ಆ ಹೊತ್ತಿನಲ್ಲೂ ಹೊರಗೆ 36.5 ಇದೆ. ರೀಸೆಟ್ ಆದ ಕೂಡಲೇ ಉಪಕರಣ ಹೊಸ ಗರಿಷ್ಠದ ಲೆಕ್ಕವನ್ನು ಆ 36.5ರಿಂದಲೇ ಶುರುಮಾಡುತ್ತದೆ. ಮಂಗಳವಾರ ಮೋಡ ಕವಿದು ಮಳೆ ಬಂದು ಇಡೀ ದಿನ 31 ದಾಟಲಿಲ್ಲ. ಸಂಜೆ ಐದಕ್ಕೆ ನೀವು ನೋಡಿದರೆ ಮಂಗಳವಾರದ ಗರಿಷ್ಠ 36.5! ಒಂದೇ ಸೆಕೆಯ ದಿನವನ್ನು ಎರಡು ಸಲ ಎಣಿಸಿದ ಹಾಗಾಯಿತು. ತಣ್ಣಗಿನ ದಿನಕ್ಕೆ ಹೀಗೆ ಎರಡು ಸಲ ಲೆಕ್ಕಕ್ಕೆ ಬರುವ ಭಾಗ್ಯ ಇಲ್ಲವಾದ್ದರಿಂದ ತಿಂಗಳ ಸರಾಸರಿ ಮೆಲ್ಲಗೆ ಮೇಲಕ್ಕೆ ಜಾರುತ್ತದೆ. ಮುಂಜಾನೆ ಏಳಕ್ಕೆ, ಇನ್ನೂ ಚಳಿ ಇರುವಾಗಲೇ ರೀಸೆಟ್ ಮಾಡುವವರಿಗೆ ಇದೇ ತೊಂದರೆ ತಿರುಗಿಸಿ ಬರುತ್ತದೆ, ಅಲ್ಲಿ ಚಳಿಯ ಮುಂಜಾವು ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಹಳೆಯ ಉಷ್ಣಾಂಶ ದಾಖಲೆಗಳನ್ನು ಅಧ್ಯಯನ ಮಾಡುವವರು ಈ ದೋಷವನ್ನು ಲೆಕ್ಕ ಹಾಕಿ ಸರಿಪಡಿಸುವುದೇ ಒಂದು ದೊಡ್ಡ ಕೆಲಸ. ಅಮೆರಿಕದಲ್ಲಿ ಸ್ವಯಂಸೇವಕ ವೀಕ್ಷಕರು ದಶಕಗಳ ಅವಧಿಯಲ್ಲಿ ಸಂಜೆಯ ಓದಿನಿಂದ ಬೆಳಗಿನ ಓದಿಗೆ ಬದಲಾದದ್ದರಿಂದಲೇ ಅಲ್ಲಿನ ಹಳೆಯ ದಾಖಲೆಯಲ್ಲಿ ಇಲ್ಲದ ಏರುಪೇರು ಕಾಣಿಸಿಕೊಂಡಿತ್ತು.

ಪರಿಹಾರ ಸುಲಭ. ನಿಮ್ಮ ಕನ್ಸೋಲ್, ಅಂದರೆ ಅಂಕಿ ತೋರಿಸುವ ಪೆಟ್ಟಿಗೆ, ತಾನೇ ನಡುರಾತ್ರಿಯಿಂದ ನಡುರಾತ್ರಿಗೆ ಲೆಕ್ಕ ಇಡುವಂಥದ್ದಾದರೆ ರೀಸೆಟ್ ಗುಂಡಿಯನ್ನು ಮುಟ್ಟಲೇಬೇಡಿ, ನಿನ್ನೆಯ ಗರಿಷ್ಠ ಕನಿಷ್ಠವನ್ನು ಇವತ್ತು ಯಾವಾಗ ಬೇಕಾದರೂ ಬರೆದುಕೊಳ್ಳಿ. ಆ ಸೌಕರ್ಯ ಇಲ್ಲದಿದ್ದರೆ ಬೆಳಿಗ್ಗೆ ಎಂಟೂವರೆ ಒಂಬತ್ತರ ಹೊತ್ತಿಗೆ ಓದಿ ರೀಸೆಟ್ ಮಾಡಿ, ಆಗ ಸಿಗುವ ಕನಿಷ್ಠ ಇವತ್ತಿನದು, ಗರಿಷ್ಠ ನಿನ್ನೆಯದು. ಆರು ತಿಂಗಳ ಹಳೆಯ ಅಂಕಿಗಳನ್ನು ತಿದ್ದಬೇಡಿ, ಹರಿದೆಸೆಯಲೂಬೇಡಿ. ‘ಇಲ್ಲಿಯವರೆಗೆ ಸಂಜೆ ಐದಕ್ಕೆ ರೀಸೆಟ್, ಸೆನ್ಸರ್ ಗೋಡೆಯ ಮೇಲೆ’ ಅಂತ ಒಂದು ಸಾಲು ಬರೆದು ಗೆರೆ ಎಳೆಯಿರಿ. ಆ ಒಂದು ಸಾಲಿನಿಂದ ಆರು ತಿಂಗಳ ಲೆಕ್ಕ ಉಳಿಯುತ್ತದೆ, ಅದು ಇಲ್ಲದಿದ್ದರೆ ಮುಂದೆ ನೋಡುವವರಿಗೆ ಅರ್ಥವೇ ಆಗುವುದಿಲ್ಲ.

ಮಳೆಗೆ ಬರೋಣ. ಹಿತ್ತಿಲ ದಾಖಲೆಯಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಅನ್ನಿಸುವುದು ಇದೇ. ಉಷ್ಣಾಂಶ ಹತ್ತಾರು ಕಿಲೋಮೀಟರ್ ದೂರದವರೆಗೂ ಹೆಚ್ಚುಕಡಿಮೆ ಒಂದೇ ತಾಳದಲ್ಲಿ ಏರಿಳಿಯುತ್ತದೆ. ಮಳೆ ಹಾಗಲ್ಲ, ಗುಡುಗಿನ ಮಳೆಯಂತೂ ಈ ಬೀದಿಗೆ ಸುರಿದು ಆಚೆ ಬೀದಿಯನ್ನು ಒಣಗಿಸಿಟ್ಟು ಹೋಗುತ್ತದೆ. 1997ರ ಜುಲೈ ಕೊನೆಯಲ್ಲಿ ಅಮೆರಿಕದ ಕೊಲರಾಡೋ ರಾಜ್ಯದ ಫೋರ್ಟ್ ಕಾಲಿನ್ಸ್ ಊರಿನ ಒಂದು ಭಾಗದಲ್ಲಿ ಕೆಲವೇ ಗಂಟೆಗಳಲ್ಲಿ 300 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯಿತು, ಅದೇ ಊರಿನ ಇನ್ನೊಂದು ಭಾಗದಲ್ಲಿ ಸಾಧಾರಣ ಮಳೆ. ಪ್ರವಾಹದಲ್ಲಿ ಐವರು ಸತ್ತರು. ಎಲ್ಲೆಲ್ಲಿ ಎಷ್ಟು ಬಿತ್ತು ಅನ್ನುವುದು ಗೊತ್ತಾಗಿದ್ದು ಆಮೇಲೆ, ಜನ ತಮ್ಮ ಮನೆಗಳಲ್ಲಿ ಅಳೆದದ್ದನ್ನು ಕೂಡಿಸಿದಾಗ. ಅದರ ಮರುವರ್ಷ, 1998ರಲ್ಲಿ, ಕೋಕೋರಾಸ್ ಅನ್ನುವ ಸ್ವಯಂಸೇವಕರ ಮಳೆ ಅಳೆಯುವ ಜಾಲ ಅಲ್ಲಿ ಶುರುವಾಯಿತು. ಈಗ ಅದರಲ್ಲಿ ಸಾವಿರಾರು ಮನೆಯವರಿದ್ದಾರೆ, ಅವರ ಅಂಕಿಗಳನ್ನು ಅಲ್ಲಿನ ಸರ್ಕಾರಿ ಹವಾಮಾನ ಸೇವೆಯೂ ಬಳಸುತ್ತದೆ. ಅವರೆಲ್ಲ ಬಳಸುವುದು ನಾಲ್ಕು ಇಂಚು ಬಾಯಿಯ ಒಂದು ಸಾದಾ ಪ್ಲಾಸ್ಟಿಕ್ ಕೊಳವೆಯನ್ನು, ಬ್ಯಾಟರಿಯೂ ಇಲ್ಲ ವೈರೂ ಇಲ್ಲ.

ಹಾಗಾಗಿ ನಿಮ್ಮಲ್ಲಿ ಮಳೆ ಕಡಿಮೆ ಬಂದದ್ದು ನಿಜವೇ ಇರಬಹುದು. ಆದರೆ ‘ಯಾವಾಗಲೂ ಕಡಿಮೆ’ ಅಂದಿರಲ್ಲ, ಅಲ್ಲಿ ನನಗೆ ಅನುಮಾನ. ನಿಜವಾದ ವ್ಯತ್ಯಾಸ ಒಮ್ಮೆ ಜಾಸ್ತಿ ಒಮ್ಮೆ ಕಡಿಮೆ ಬರಬೇಕು. ಯಾವಾಗಲೂ ಒಂದೇ ಕಡೆಗೆ ವಾಲಿದರೆ ಅದು ಉಪಕರಣದ್ದೋ ಜಾಗದ್ದೋ ಆಗಿರುತ್ತದೆ.

ತಾರಸಿಯ ಕಟ್ಟೆಯೇ ಮೊದಲ ಆರೋಪಿ. 1760ರ ದಶಕದಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ ಮೂರು ಮಳೆಮಾಪಕ ಇಟ್ಟು ನೋಡಿದ, ಒಂದು ನೆಲದ ಹತ್ತಿರ, ಒಂದು ಮನೆಯ ಮಾಡಿನ ಮೇಲೆ, ಇನ್ನೊಂದು ವೆಸ್ಟ್‌ಮಿನ್‌ಸ್ಟರ್ ಅಬೆ ಅನ್ನುವ ಎತ್ತರದ ಚರ್ಚಿನ ತುದಿಯಲ್ಲಿ. ಮೇಲಕ್ಕೆ ಹೋದ ಹಾಗೆ ಮಳೆ ಕಡಿಮೆಯಾಗುತ್ತಾ ಹೋಯಿತು, ಅಬೆಯ ಮೇಲೆ ಸಿಕ್ಕಿದ್ದು ನೆಲದ ಹತ್ತಿರ ಸಿಕ್ಕಿದ್ದರ ಅರ್ಧದ ಆಸುಪಾಸು. ಕಾರಣ ಏನು ಅಂತ ಬಹಳ ಕಾಲ ಜಗಳ ನಡೆಯಿತು. ಇದು ಗಾಳಿಯ ಕೆಲಸ ಅಂತ 1861ರಲ್ಲಿ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಬಿಡಿಸಿ ತೋರಿಸಿದ. ಎತ್ತರದಲ್ಲಿ ಗಾಳಿ ಜೋರು. ಅದು ಮಾಪಕಕ್ಕೆ ಬಡಿದು ಮೇಲಕ್ಕೂ ಪಕ್ಕಕ್ಕೂ ಹಾರುವಾಗ ಬಾಯೊಳಗೆ ಬೀಳಬೇಕಾದ ಹನಿಗಳನ್ನು ಆಚೆಗೆ ಹೊತ್ತುಕೊಂಡು ಹೋಗುತ್ತದೆ. ಕಟ್ಟೆಯ ಅಂಚಿನಲ್ಲಂತೂ ಗೋಡೆಗೆ ಬಡಿದ ಗಾಳಿ ನೇರ ಮೇಲಕ್ಕೇ ಏಳುತ್ತದೆ. ಸಣ್ಣ ಹನಿಯ ತುಂತುರು ಇದ್ದು ಗಾಳಿ ಜೋರಾಗಿರುವ ದಿನ ನಿಮ್ಮ ಮಾಪಕ ಜಾಸ್ತಿ ಕಳೆದುಕೊಳ್ಳುತ್ತಿರಬೇಕು. ಕೆಳಗೆ ತನ್ನಿ. ನೆಲದಿಂದ ಒಂದು ಮೀಟರಿನ ಒಳಗೆ, ಮಟ್ಟ ಹಿಡಿದು, ಗಟ್ಟಿಯಾಗಿ ಕೂರಿಸಿ. ಹತ್ತಿರದ ಮರ, ಗೋಡೆ ಎಷ್ಟು ಎತ್ತರ ಇದೆಯೋ ಅದರ ಎರಡರಷ್ಟಾದರೂ ದೂರ ಬಿಡಿ. ನೀರು ಸಿಡಿಯುವ ಗಟ್ಟಿ ನೆಲದ ಪಕ್ಕ ಬೇಡ.

ಆಮೇಲೆ ಮಾಪಕವನ್ನೇ ಪರೀಕ್ಷಿಸಿ. ನಿಮ್ಮದು ಮಗುಚುವ ಬಟ್ಟಲಿನದೇ ಆಗಿರಬೇಕು, ಹಿತ್ತಿಲ ಕೇಂದ್ರಗಳಲ್ಲಿ ಜಾಸ್ತಿ ಅದೇ ಬರುತ್ತದೆ. ಒಳಗೆ ಅಕ್ಕಪಕ್ಕ ಎರಡು ಪುಟ್ಟ ಬಟ್ಟಲು, ಒಂದು ತುಂಬಿ ಟಕ್ಕನೆ ಮಗುಚಿಕೊಂಡರೆ ಇನ್ನೊಂದು ಆಲಿಕೆಯ ಕೆಳಗೆ ಬಂದು ನಿಲ್ಲುತ್ತದೆ, ಪ್ರತಿ ಮಗುಚಿಗೂ ಒಂದು ಎಣಿಕೆ. ಮೊದಲು ಬಾಯಿಯ ವ್ಯಾಸ ಅಳೆಯಿರಿ. 16 ಸೆಂ.ಮೀ. ಇದ್ದರೆ ವಿಸ್ತೀರ್ಣ ಸುಮಾರು 201 ಚದರ ಸೆಂ.ಮೀ. ಅಷ್ಟು ಬಾಯಿಗೆ 402 ಮಿಲಿಲೀಟರ್ ನೀರು ಬಿದ್ದರೆ ಸರಿಯಾಗಿ 20 ಮಿ.ಮೀ. ಮಳೆ. ಒಂದು ಮಗುಚಿಗೆ 0.2 ಮಿ.ಮೀ. ಅಂತ ಉಪಕರಣದ ಮೇಲೆ ಬರೆದಿದ್ದರೆ 100 ಸಲ ಮಗುಚಬೇಕು. ಬಾಟಲಿಯ ಮುಚ್ಚಳಕ್ಕೆ ಸೂಜಿಯಿಂದ ಸಣ್ಣ ತೂತು ಮಾಡಿ, ಅಳೆದ ನೀರು ತುಂಬಿ, ಆಲಿಕೆಯ ಮೇಲೆ ತಲೆಕೆಳಗಾಗಿ ನಿಲ್ಲಿಸಿ. ತಳದಲ್ಲೂ ಗಾಳಿಗೆ ಒಂದು ತೂತು ಬೇಕು, ಇಲ್ಲದಿದ್ದರೆ ನೀರು ಇಳಿಯುವುದಿಲ್ಲ. ಅಷ್ಟೂ ನೀರು ಇಳಿಯುವುದಕ್ಕೆ ಒಂದು ಗಂಟೆಯಾದರೂ ಹಿಡಿಯಲಿ. ಗಡಿಬಿಡಿಯಲ್ಲಿ ಸುರಿದರೆ ಬಟ್ಟಲು ಮಗುಚುವ ಗಳಿಗೆಯಲ್ಲೇ ನೀರು ಲೆಕ್ಕಕ್ಕೆ ಸಿಗದೆ ಹರಿದುಹೋಗುತ್ತದೆ, ಜೋರು ಮಳೆಯಲ್ಲಿ ಈ ಮಾಪಕಗಳು ಕಡಿಮೆ ತೋರಿಸುವುದೂ ಇದೇ ಕಾರಣಕ್ಕೆ. ಕೊನೆಗೆ ಕನ್ಸೋಲಿನಲ್ಲಿ 17.6 ಬಂತು ಅನ್ನಿ, ಅಂದರೆ ನೂರಕ್ಕೆ 12 ಕಡಿಮೆ. ಬಟ್ಟಲುಗಳ ಕೆಳಗಿನ ತಿರುಪು ತಿರುಗಿಸಿ ಸರಿಮಾಡಬಹುದು, ಅಥವಾ ಕನ್ಸೋಲಿನಲ್ಲಿ ಗುಣಕ ಹಾಕುವ ಸೌಕರ್ಯ ಇದ್ದರೆ 1.136 ಅಂತ ಹಾಕಿ. ಇದನ್ನೆಲ್ಲ ಮಾಡುವ ಮೊದಲು ಆಲಿಕೆ ಬಿಚ್ಚಿ ಒಳಗೆ ನೋಡಿ. ಜೇಡನ ಬಲೆ, ಒಣಗಿದ ಎಲೆ, ಹಕ್ಕಿಯ ಹಿಕ್ಕೆ, ಇರುವೆ ಗೂಡು, ಇವೇ ಅರ್ಧಕ್ಕರ್ಧ ದೂರಿಗೆ ಕಾರಣ.

ನನ್ನ ಅಭಿಪ್ರಾಯ ಕೇಳಿದರೆ, ಅದರ ಪಕ್ಕದಲ್ಲೇ ಕೈಯಿಂದ ಅಳೆಯುವ ಒಂದು ಸಾದಾ ಮಾಪಕವನ್ನೂ ಇಡಿ. ಬಾಯಿಯ ವ್ಯಾಸ 11.3 ಸೆಂ.ಮೀ. ಇರುವ ಆಲಿಕೆ ಸಿಕ್ಕರೆ ಲೆಕ್ಕ ಬಹಳ ಸುಲಭ, ಅದರ ವಿಸ್ತೀರ್ಣ 100 ಚದರ ಸೆಂ.ಮೀ., ಹಾಗಾಗಿ ಕೆಳಗಿನ ಬಾಟಲಿಯಲ್ಲಿ ಸೇರಿದ ಪ್ರತಿ 10 ಮಿಲಿಲೀಟರಿಗೆ ಒಂದು ಮಿ.ಮೀ. ಮಳೆ. ದಿನದ ಒಟ್ಟು ಮಳೆಗೆ ಅದನ್ನು ನಂಬಿ, ಯಾವ ಹೊತ್ತಿನಲ್ಲಿ ಎಷ್ಟು ಜೋರಾಗಿ ಸುರಿಯಿತು ಅನ್ನುವುದಕ್ಕೆ ಬಟ್ಟಲಿನದನ್ನು ನಂಬಿ. ಅಳತೆಗಾಜಿನಲ್ಲಿ ನೀರು ಅಂಚಿಗೆ ಅಂಟಿಕೊಂಡು ನಡುವೆ ತಗ್ಗಾಗಿ ನಿಲ್ಲುತ್ತದೆ, ಕಣ್ಣನ್ನು ಅದೇ ಮಟ್ಟಕ್ಕೆ ತಂದು ಆ ತಗ್ಗಿನ ತಳವನ್ನು ಓದಬೇಕು.

ಮಳೆ ಬಾರದ ದಿನ ಸೊನ್ನೆ ಬರೆಯಿರಿ, ಜಾಗ ಖಾಲಿ ಬಿಡಬೇಡಿ. ಖಾಲಿ ಜಾಗ ನೋಡಿದವರಿಗೆ ಮಳೆ ಬರಲಿಲ್ಲವೋ, ನೀವು ಊರಲ್ಲಿ ಇರಲಿಲ್ಲವೋ ಗೊತ್ತಾಗುವುದಿಲ್ಲ. ನಾಲ್ಕು ಹನಿ ಬಿದ್ದು ಅಳೆಯುವಷ್ಟು ಸೇರದಿದ್ದರೆ ‘ಹನಿ’ ಅಂತ ಬರೆಯಿರಿ, ಅದೂ ಸೊನ್ನೆಯೂ ಬೇರೆ. ಎರಡು ದಿನ ಊರಿಗೆ ಹೋಗಿ ಬಂದು ಮಾಪಕದಲ್ಲಿ 30 ಮಿ.ಮೀ. ಇದ್ದರೆ ‘ಮೂರು ದಿನದ ಒಟ್ಟು’ ಅಂತ ಬರೆಯಿರಿ, ಅಂದಾಜಿನಲ್ಲಿ ಹಂಚಬೇಡಿ. ಮತ್ತೆ ತಾರೀಕು! ಬೆಳಿಗ್ಗೆ ಎಂಟೂವರೆಗೆ ಅಳೆದ ಮಳೆ ಹಿಂದಿನ 24 ಗಂಟೆಯದು. ಕೆಲವರು ಅದನ್ನು ಅಳೆದ ದಿನಕ್ಕೆ ಬರೆಯುತ್ತಾರೆ, ಕೆಲವರು ಹಿಂದಿನ ದಿನಕ್ಕೆ. ಆ್ಯಪ್ ನಡುರಾತ್ರಿಯ ಲೆಕ್ಕ ಇಡುತ್ತದೆ, ನಿಮ್ಮದು ಇಷ್ಟು ದಿನ ಸಂಜೆಯ ಲೆಕ್ಕ. ರಾತ್ರಿ ಎಂಟಕ್ಕೆ ಸುರಿದ ಮಳೆ ಅದರಲ್ಲಿ ಇವತ್ತಿಗೆ, ನಿಮ್ಮದರಲ್ಲಿ ನಾಳೆಗೆ ಸೇರಿರುತ್ತದೆ. ದಿನದಿನದ ಹೋಲಿಕೆ ಬಿಟ್ಟು ತಿಂಗಳ ಒಟ್ಟು ಮೊತ್ತವನ್ನು ಹೋಲಿಸಿದರೆ ಈ ಗೊಂದಲದ ಬಹುಪಾಲು ತಾನಾಗಿ ಹೋಗುತ್ತದೆ.

ವಾಯುಭಾರದ ವಿಷಯ ನನಗೆ ಅಚ್ಚುಮೆಚ್ಚು. ನೀವು ನೋಡುತ್ತಿರುವುದು ವಾತಾವರಣದ ಉಬ್ಬರ ಇಳಿತ. ಕಡಲಿಗೆ ಇರುವ ಹಾಗೆ ಗಾಳಿಗೂ ಇದೆ, ಆದರೆ ಇದನ್ನು ನಡೆಸುವುದು ಮುಖ್ಯವಾಗಿ ಸೂರ್ಯನ ಬಿಸಿ. ಮೇಲಿನ ಓಝೋನ್, ಕೆಳಗಿನ ನೀರಾವಿ ದಿನಾ ಬಿಸಿಲು ಹೀರಿಕೊಂಡು ಕಾಯುತ್ತವೆ, ಇಡೀ ವಾತಾವರಣದಲ್ಲಿ ಒಂದು ಅಲೆ ಏಳುತ್ತದೆ, ಅದು ಸೂರ್ಯನ ಜೊತೆಗೇ ಭೂಮಿಯನ್ನು ಸುತ್ತುತ್ತದೆ. ಅದರಿಂದ ವಾಯುಭಾರ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಬೆಳಿಗ್ಗೆ ಹತ್ತು ಮತ್ತು ರಾತ್ರಿ ಹತ್ತರ ಸುಮಾರಿಗೆ ಮೇಲೆ, ಬೆಳಗಿನ ಜಾವ ನಾಲ್ಕು ಮತ್ತು ಸಂಜೆ ನಾಲ್ಕರ ಸುಮಾರಿಗೆ ಕೆಳಗೆ. ಉಷ್ಣವಲಯದಲ್ಲಿ ಬೆಳಗಿನ ಏರಿನಿಂದ ಸಂಜೆಯ ಇಳಿತಕ್ಕೆ ಮೂರ್ನಾಲ್ಕು ಹೆಕ್ಟೋಪಾಸ್ಕಲ್ (ವಾಯುಭಾರ ಅಳೆಯುವ ಮಾನ) ಇಳಿಯುವುದು ಮಾಮೂಲು, ಧ್ರುವಗಳ ಕಡೆಗೆ ಹೋದ ಹಾಗೆ ಇದು ಸಣ್ಣದಾಗುತ್ತದೆ. 1799ರಿಂದ 1804ರವರೆಗೆ ಅಮೆರಿಕ ಖಂಡದ ಉಷ್ಣವಲಯದಲ್ಲಿ ಸುತ್ತಿದ ಜರ್ಮನ್ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಇದು ಎಷ್ಟು ಕ್ರಮಬದ್ಧ ಅಂದರೆ ವಾಯುಭಾರಮಾಪಕ ನೋಡಿ ಹೊತ್ತು ಎಷ್ಟಾಯಿತು ಅಂತ ಹೇಳಬಹುದು ಎಂದು ಬರೆದಿದ್ದಾನೆ. ಅದೇ ಅಲೆ ನಿಮ್ಮ ಹಿತ್ತಿಲ ಪುಟ್ಟ ಸೆನ್ಸರಿನಲ್ಲೂ ಸಿಗುತ್ತಿದೆ. ಗಂಟೆಗೊಂದು ಅಂಕಿಯನ್ನು ಹಾಳೆಯ ಮೇಲೆ ಚುಕ್ಕಿ ಇಟ್ಟು ಜೋಡಿಸಿ ನೋಡಿ, ಎರಡು ದಿನಕ್ಕೆ ನಾಲ್ಕು ದಿಬ್ಬ ಎದ್ದು ಕಾಣುತ್ತವೆ.

ಹಾಗಾದರೆ ಹವೆ ಕೆಡುತ್ತಿದೆ ಅಂತ ತಿಳಿಯುವುದು ಹೇಗೆ? ಈಗಿನ ಅಂಕಿಯನ್ನು ಬೆಳಗಿನದಕ್ಕೆ ಹೋಲಿಸಬೇಡಿ, ನಿನ್ನೆ ಇದೇ ಹೊತ್ತಿನದಕ್ಕೆ ಹೋಲಿಸಿ. ಉಬ್ಬರ ಇಳಿತ ಎರಡು ದಿನವೂ ಒಂದೇ ಥರ ಇರುವುದರಿಂದ ಕಳೆದಾಗ ಅದು ಹೊರಟುಹೋಗುತ್ತದೆ, ಉಳಿಯುವುದು ನಿಜವಾದ ಬದಲಾವಣೆ. ಉಷ್ಣವಲಯದಲ್ಲಿ 24 ಗಂಟೆಗೆ ಮೂರ್ನಾಲ್ಕು ಹೆಕ್ಟೋಪಾಸ್ಕಲ್ ಇಳಿದಿದ್ದರೆ ಕಿವಿ ನಿಮಿರಿಸಿ ಇಲಾಖೆಯ ಮುನ್ಸೂಚನೆ ನೋಡಿ. ಇನ್ನೊಂದು ಮಾತು, ಕನ್ಸೋಲಿನಲ್ಲಿ ಎರಡು ವಾಯುಭಾರ ಇರುತ್ತವೆ. ಒಂದು ನಿಮ್ಮ ಜಾಗದ್ದು, ಇನ್ನೊಂದು ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದ್ದು. ಸಮುದ್ರಮಟ್ಟದ ಹತ್ತಿರ ಎಂಟು ಮೀಟರ್ ಏರಿದರೆ ಒಂದು ಹೆಕ್ಟೋಪಾಸ್ಕಲ್ ಇಳಿಯುತ್ತದೆ, 900 ಮೀಟರ್ ಎತ್ತರದಲ್ಲಿ ನಿಜವಾದ ಭಾರ 910ರ ಆಸುಪಾಸಿನಲ್ಲಿರುತ್ತದೆ. ಮುನ್ಸೂಚನೆಯ ನಕ್ಷೆಯಲ್ಲಿ ಕಾಣುವುದು ಎರಡನೆಯದು. ಯಾವುದನ್ನು ಬರೆಯುತ್ತಿದ್ದೀರಿ ಅಂತ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ.

ತೇವಾಂಶದ ಬಗ್ಗೆ ಸ್ವಲ್ಪದರಲ್ಲಿ ಮುಗಿಸುತ್ತೇನೆ. ಶೇಕಡಾವಾರು ತೇವಾಂಶ ಉಷ್ಣಾಂಶದ ಬಾಲ ಹಿಡಿದು ಓಡುತ್ತದೆ, ಗಾಳಿಯಲ್ಲಿ ನೀರು ಅಷ್ಟೇ ಇದ್ದರೂ ರಾತ್ರಿ ತಣ್ಣಗಾದರೆ ಶೇಕಡಾ ಏರುತ್ತದೆ. ಅದರ ಬದಲು ಇಬ್ಬನಿ ಬಿಂದುವನ್ನು ಬರೆಯಿರಿ, ಎಷ್ಟು ಡಿಗ್ರಿಗೆ ತಣ್ಣಗಾದರೆ ಇಬ್ಬನಿ ಕಟ್ಟುತ್ತದೆ ಅನ್ನುವ ಅಂಕಿ. ಸಮುದ್ರದ ಕಡೆಯ ಗಾಳಿ ಬಂತೋ ಒಣ ಗಾಳಿ ಬಂತೋ ಅನ್ನುವುದು ಅದರಲ್ಲಿ ನೇರವಾಗಿ ಕಾಣುತ್ತದೆ. ಸೆನ್ಸರನ್ನು ಪರೀಕ್ಷಿಸುವುದಕ್ಕೆ ಉಪ್ಪು ಸಾಕು. ಒಂದು ಮುಚ್ಚಳಕ್ಕೆ ಉಪ್ಪು ಹಾಕಿ, ಕೆಸರಿನ ಹಾಗಾಗುವಷ್ಟು ಮಾತ್ರ ನೀರು ಬೆರೆಸಿ, ಅದನ್ನೂ ಸೆನ್ಸರನ್ನೂ ಗಾಳಿಯಾಡದ ಡಬ್ಬಿಯಲ್ಲಿ ಇಡೀ ರಾತ್ರಿ ಇಡಿ, ಉಪ್ಪು ಸೆನ್ಸರಿಗೆ ತಾಗದಿರಲಿ. ಒಳಗಿನ ತೇವಾಂಶ 75ಕ್ಕೆ ಬಂದು ನಿಲ್ಲುತ್ತದೆ. ನಿಮ್ಮದು 72ರಿಂದ 78ರೊಳಗೆ ಓದಿದರೆ ಚಿಂತೆ ಬೇಡ, ಈ ಬಗೆಯ ಸೆನ್ಸರಿನಿಂದ ಅದಕ್ಕಿಂತ ಜಾಸ್ತಿ ನಿರೀಕ್ಷಿಸುವುದೂ ಬೇಡ.

ಗಾಳಿಯ ಅಳತೆ ಹಿತ್ತಿಲಲ್ಲಿ ಎಲ್ಲಕ್ಕಿಂತ ದುರ್ಬಲ. ಅಧಿಕೃತ ಅಳತೆ ಬಯಲಿನಲ್ಲಿ, 10 ಮೀಟರ್ ಎತ್ತರದಲ್ಲಿ, ಸುತ್ತಲಿನ ಅಡ್ಡಗಳ ಎತ್ತರದ ಹತ್ತರಷ್ಟಾದರೂ ದೂರದಲ್ಲಿ ಆಗುತ್ತದೆ. ಮನೆಗಳ ನಡುವೆ ಅದು ಸಾಧ್ಯವಿಲ್ಲ. ಬರೆಯಿರಿ, ಆದರೆ ಬೇರೆಯವರದಕ್ಕೆ ಹೋಲಿಸಬೇಡಿ. ಕೊಂಬೆ ಅಲುಗಿತಾ, ಧೂಳೆದ್ದಿತಾ, ನಡೆಯುವುದಕ್ಕೆ ಕಷ್ಟ ಆಯಿತಾ ಅಂತ ಕಣ್ಣಿಗೆ ಕಂಡದ್ದನ್ನು ಬರೆದರೆ ಅದು ಆ ಅಂಕಿಗಿಂತ ಒಳ್ಳೆಯ ದಾಖಲೆ. ಗಾಳಿಯ ಜೋರನ್ನು ಹೇಳುವ ಬೋಫರ್ಟ್ ಅಳತೆ ನಿಂತಿರುವುದೇ ಅಂಥ ಗುರುತುಗಳ ಮೇಲೆ.

ಕಣ್ಣಿನ ಮಾತು ಬಂತಲ್ಲ, ಉಪಕರಣ ಹೇಳಲಾರದ್ದಕ್ಕೂ ಪುಸ್ತಕದಲ್ಲಿ ಒಂದು ಕಾಲಂ ಇಡಿ. ಆಕಾಶವನ್ನು ಎಂಟು ಪಾಲು ಮಾಡಿದರೆ ಎಷ್ಟು ಪಾಲು ಮೋಡ, ಮೊದಲ ಗುಡುಗು ಎಷ್ಟು ಹೊತ್ತಿಗೆ, ಯಾವ ದಿಕ್ಕಿನಿಂದ, ಆಲಿಕಲ್ಲು ಬಿತ್ತಾ, ಬಿದ್ದರೆ ಎಷ್ಟು ದಪ್ಪ, ಮುಂಜಾನೆ ಮಂಜು ಎಷ್ಟು ಹೊತ್ತಿಗೆ ಹರಿಯಿತು. ಆಲಿಕಲ್ಲನ್ನು ಯಾವ ಅಗ್ಗದ ಸೆನ್ಸರೂ ಗುರುತಿಸುವುದಿಲ್ಲ. ಪಕ್ಕದಲ್ಲೇ ಇನ್ನೊಂದು ಪಟ್ಟಿ, ಕೇಂದ್ರದಲ್ಲಿ ಆದ ಬದಲಾವಣೆಗಳದ್ದು. ಬ್ಯಾಟರಿ ಹಾಕಿದ್ದು, ಕವಚ ತೊಳೆದದ್ದು, ಪಕ್ಕದ ಮರ ಕಡಿದದ್ದು, ಹಿಂದಿನ ಖಾಲಿ ಜಾಗದಲ್ಲಿ ಕಟ್ಟಡ ಎದ್ದದ್ದು, ಎಲ್ಲ ತಾರೀಕಿನ ಸಮೇತ. ವರ್ಷಕ್ಕೊಮ್ಮೆ ನಾಲ್ಕು ದಿಕ್ಕಿನಿಂದಲೂ ಕೇಂದ್ರದ ಫೋಟೋ ತೆಗೆದಿಡಿ, ಗಿಡ ಎಷ್ಟು ಬೆಳೆದಿದೆ ಅನ್ನುವುದು ದಿನಾ ನೋಡುವ ನಮಗೆ ತಿಳಿಯುವುದಿಲ್ಲ.

ಇನ್ನು ಯಾರಿಗಾದರೂ ಉಪಯೋಗ ಇದೆಯಾ ಅಂತ ಕೇಳಿದಿರಿ. ಇದೆ, ಖಂಡಿತ ಇದೆ. ಜಾರ್ಜ್ ಜೇಮ್ಸ್ ಸೈಮನ್ಸ್ ಅನ್ನುವವರು 1860ರ ಸುಮಾರಿಗೆ ಬ್ರಿಟನ್ನಿನಲ್ಲಿ ಮನೆಮನೆಯವರಿಂದ ಮಳೆಯ ಲೆಕ್ಕ ಸಂಗ್ರಹಿಸುವುದಕ್ಕೆ ಶುರುಮಾಡಿದರು. ಅವರು 1900ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಮೂರು ಸಾವಿರಕ್ಕೂ ಜಾಸ್ತಿ ವೀಕ್ಷಕರು ಅವರಿಗೆ ಲೆಕ್ಕ ಕಳಿಸುತ್ತಿದ್ದರು. ಪಾದ್ರಿಗಳು, ವೈದ್ಯರು, ತೋಟದವರು, ಯಾರೂ ಹವಾಮಾನದ ನೌಕರರಲ್ಲ. ಬ್ರಿಟನ್ನಿನ ಹಳೆಯ ಬರಗಾಲ, ನೆರೆಗಳ ಬಗ್ಗೆ ಇವತ್ತು ಗೊತ್ತಿರುವುದರಲ್ಲಿ ದೊಡ್ಡ ಪಾಲು ಆ ಪುಸ್ತಕಗಳಿಂದ ಬಂದದ್ದು. ರೇಡಾರ್, ಉಪಗ್ರಹ ಇರುವ ಈ ಕಾಲದಲ್ಲೂ ನೆಲದ ಮೇಲೆ ಎಷ್ಟು ಮಿ.ಮೀ. ಬಿತ್ತು ಅನ್ನುವುದಕ್ಕೆ ಅವುಗಳ ಅಂದಾಜನ್ನು ಮಾಪಕದ ಅಂಕಿಗೇ ಹೋಲಿಸಿ ಸರಿಪಡಿಸುತ್ತಾರೆ.

ಒಂದು ಜಾಗದ ಹವಾಮಾನದ ಸಾಮಾನ್ಯ ಸ್ಥಿತಿ ಹೇಳುವುದಕ್ಕೆ 30 ವರ್ಷದ ಸರಾಸರಿ ತೆಗೆಯುವುದು ರೂಢಿ. ಅಷ್ಟು ವರ್ಷ ಕಾಯಬೇಕಾಗಿಲ್ಲ. ಜಾಗ ಸರಿಪಡಿಸಿ ಒಂದು ವರ್ಷ ಬಿಡದೆ ಬರೆದರೆ ನಿಮ್ಮ ಹಿತ್ತಿಲಿಗೂ ಹತ್ತಿರದ ಅಧಿಕೃತ ಕೇಂದ್ರಕ್ಕೂ ಇರುವ ವ್ಯತ್ಯಾಸ ಯಾವ ತಿಂಗಳಲ್ಲಿ ಎಷ್ಟು ಅಂತ ತಿಳಿಯುತ್ತದೆ. ಆಮೇಲೆ ಆ್ಯಪ್ ನಾಳೆ 34 ಅಂದರೆ ನಮ್ಮಲ್ಲಿ 33 ಅಂತ ನೀವೇ ಹೇಳಬಲ್ಲಿರಿ.

ಸದ್ಯಕ್ಕೆ ಈ ವಾರ ಮಳೆಮಾಪಕ ಕೆಳಗಿಳಿಸಿ, ಆಲಿಕೆ ಶುಚಿಮಾಡಿ ನೀರಿನ ಪರೀಕ್ಷೆ ಮುಗಿಸಿ. ಮುಂದಿನ ವಾರ ಕಂಬ ನೆಟ್ಟು ಉಷ್ಣಾಂಶದ ಸೆನ್ಸರನ್ನು ಅಲ್ಲಿಗೆ ತನ್ನಿ. ಸಾಧ್ಯವಾದರೆ ಗೋಡೆಯ ಹಳೆಯ ಜಾಗದಲ್ಲಿ ಇನ್ನೊಂದು ಥರ್ಮಾಮೀಟರ್ ಒಂದು ತಿಂಗಳು ಇಟ್ಟು ಎರಡನ್ನೂ ಬರೆದುಕೊಳ್ಳಿ, ಆರು ತಿಂಗಳ ಹಳೆಯ ಲೆಕ್ಕದಲ್ಲಿ ಗೋಡೆಯ ಪಾಲು ಎಷ್ಟು ಅನ್ನುವುದಕ್ಕೆ ಅದು ಆಧಾರವಾಗುತ್ತದೆ. ಆ ಎರಡು ಸಾಲು ಅಂಕಿ ಸಿಕ್ಕ ಮೇಲೆ ನನಗೆ ಕಳಿಸಿ, ಒಟ್ಟಿಗೆ ಕೂತು ನೋಡೋಣ.